ಹಾಳು ವಾಡೆಯ ಕಥೆ: ಗಾಥಿಕ್ ಕಾದಂಬರಿ ಹುಟ್ಟಿದ ಬಗೆ



ನಿಮ್ಮ ಊರಿನಲ್ಲಿ ಅಥವಾ ನಿಮ್ಮ ಅಜ್ಜಿಯ ಊರಿನಲ್ಲಿ ಒಂದು ಹಾಳುಬಿದ್ದ ವಾಡೆ ಇದ್ದೀತು. ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಯ ಹಳ್ಳಿಗಳಲ್ಲಿ ಇಂಥವು ಕಾಣಸಿಗುತ್ತವೆ. ಆಳೆತ್ತರ ಮೀರಿದ ಕಲ್ಲಿನ ಗೋಡೆ, ಒಂದೇ ಕದ ಉಳಿದಿರುವ ದೊಡ್ಡ ಬಾಗಿಲು, ಒಳಗೆ ತೊಲೆ ಕಳಚಿದ ಪಡಸಾಲೆ, ಮೂಲೆಯಲ್ಲಿ ಬಾಯಿ ಮುಚ್ಚಿದ ಹಗೇವು. ಹಗಲಿನಲ್ಲಿ ಹುಡುಗರು ಅಲ್ಲಿ ಗೋಲಿ ಆಡುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕೂಗುತ್ತಾಳೆ: "ಸಂಜಿ ಆತು, ವಾಡೇದಾಗ ನಿಂದರಬ್ಯಾಡ, ಬಾ." ಯಾಕೆ ಎಂದು ಕೇಳಿದರೆ ಅರ್ಧ ಕಥೆ ಹೇಳುತ್ತಾಳೆ, ಇನ್ನರ್ಧ ನುಂಗುತ್ತಾಳೆ. ಆ ನುಂಗಿದ ಅರ್ಧವೇ ಇಂದಿನ ನಮ್ಮ ವಿಷಯ.

ಇಂಥ ಹಾಳುಮನೆಯನ್ನು ನಡುವೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಬಗೆಯ ಕಾದಂಬರಿ ಬೆಳೆಯಿತು. ಅದಕ್ಕೆ ಗಾಥಿಕ್ ಕಾದಂಬರಿ ಎಂದು ಹೆಸರು. ಪದವಿ ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಈ ಮಾತು ಎದುರಾಗುತ್ತದೆ. ಗೈಡುಗಳು ದೆವ್ವ, ಕೋಟೆ, ಕತ್ತಲೆ, ಗುಡುಗು ಎಂದು ನಾಲ್ಕು ಲಕ್ಷಣ ಬರೆದು ಮುಗಿಸಿಬಿಡುತ್ತವೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ದೆವ್ವದ ಕಥೆ ಪ್ರಪಂಚದ ಎಲ್ಲ ಊರುಗಳಲ್ಲೂ ಇದೆ, ಎಲ್ಲ ಕಾಲದಲ್ಲೂ ಇತ್ತು. ಗಾಥಿಕ್ ಕಾದಂಬರಿ ಮಾತ್ರ ಒಂದು ನಿರ್ದಿಷ್ಟ ದೇಶದಲ್ಲಿ, ನಿರ್ದಿಷ್ಟ ವರ್ಷದಲ್ಲಿ ಹುಟ್ಟಿತು. ಅಲ್ಲಿಯೇ, ಆಗಲೇ ಏಕೆ ಹುಟ್ಟಿತು ಎಂದು ಕೇಳಿಕೊಂಡರೆ ಅದರ ಲಕ್ಷಣವೂ ತಿಳಿಯುತ್ತದೆ.

ಮೊದಲು ಹೆಸರಿನ ಕಥೆ. ಗಾಥರು ಯುರೋಪಿನ ಒಂದು ಜರ್ಮನ್ ಮೂಲದ ಜನಾಂಗ. ಅವರಲ್ಲಿ ಒಂದು ಶಾಖೆಯವರು ಕ್ರಿ.ಶ. 410ರಲ್ಲಿ ಅಲಾರಿಕ್ ಎಂಬ ನಾಯಕನ ಕೈಕೆಳಗೆ ರೋಮ್ ನಗರವನ್ನು ಲೂಟಿ ಮಾಡಿದರು. ಸಾವಿರ ವರ್ಷ ಕಳೆದ ಮೇಲೆ ಇಟಲಿಯ ವಿದ್ವಾಂಸರು ಮಧ್ಯಯುಗದ ಚೂಪು ಕಮಾನಿನ, ಎತ್ತರದ ಕಿಟಕಿಗಳ ಇಗರ್ಜಿಗಳನ್ನು ನೋಡಿ ಮೂಗು ಮುರಿದು, ಇವು ಗಾಥರ ಕಟ್ಟಡಗಳು ಎಂದರು. ಆ ಇಗರ್ಜಿಗಳನ್ನು ಕಟ್ಟಿದವರು ಗಾಥರಲ್ಲ. 'ಒರಟು', 'ಅನಾಗರಿಕ' ಎನ್ನುವ ಬೈಗುಳವಾಗಿ ಆ ಮಾತು ಬಂತು, ಹಾಗೆಯೇ ಉಳಿದುಕೊಂಡಿತು. ಒಂದು ರಾಜಧಾನಿಯನ್ನು ಸುಲಿದವರ ಹೆಸರು ಮೊದಲು ಕಟ್ಟಡಕ್ಕೂ ಆಮೇಲೆ ಕಥೆಗೂ ಅಂಟಿಕೊಂಡಿತು ಎಂಬುದನ್ನು ನೆನಪಿನಲ್ಲಿಡಿ. ಇಂಥದೇ ಇನ್ನೊಂದು ಸುಲಿಗೆಯ ಮಾತು ನಮ್ಮ ಪಕ್ಕದಲ್ಲೇ ಬರಲಿದೆ.

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1536ರಿಂದ 1540ರ ಒಳಗೆ ಕ್ರೈಸ್ತ ಸನ್ಯಾಸಿಗಳ ಮಠಗಳನ್ನು ಮುಚ್ಚಿಸಿ ಆಸ್ತಿಯನ್ನು ಕಿತ್ತುಕೊಂಡ. ಮಾಡಿನ ಸೀಸ ಹೋಯಿತು, ಗೋಡೆಗಳು ಉಳಿದವು. ಇನ್ನೂರು ವರ್ಷ ಆ ಗೋಡೆಗಳ ಮೇಲೆ ಬಳ್ಳಿ ಹಬ್ಬಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಓದಿದ ಜನ ದೆವ್ವವನ್ನು ನಂಬುತ್ತಿರಲಿಲ್ಲ. ಅದು ನ್ಯೂಟನ್ನನ ನಂತರದ ಕಾಲ, ವಿಚಾರದ ಕಾಲ. ಮಠಾಧಿಪತಿಗೂ ಕೋಟೆಯ ಪಾಳೆಯಗಾರನಿಗೂ ಯಾರೂ ಹೆದರಬೇಕಾಗಿರಲಿಲ್ಲ. ಆದರೆ ಅವರ ಕಲ್ಲುಗಳು ಊರಿನ ಹೊರಗೆ ನಿಂತೇ ಇದ್ದವು. ಯಜಮಾನನ ಅಧಿಕಾರ ಹೋಗಿದೆ, ಮನೆ ಮಾತ್ರ ನಿಂತಿದೆ. ಅವನು ನಿಜವಾಗಿಯೂ ಹೋದನೇ ಎಂಬ ಅನುಮಾನ ಹೋಗಿಲ್ಲ. ಗಾಥಿಕ್ ಕಾದಂಬರಿಯ ಬೇರು ಈ ಅನುಮಾನದಲ್ಲಿದೆ ಎಂದು ನನ್ನ ಅಭಿಪ್ರಾಯ.

ಮೊದಲ ಪುಸ್ತಕ ಬರೆದವನು ಹೊರೇಸ್ ವಾಲ್ಪೋಲ್. ಇಂಗ್ಲೆಂಡಿನ ಮೊದಲ ಪ್ರಧಾನಮಂತ್ರಿ ಎಂದು ಹೇಳಲಾಗುವ ರಾಬರ್ಟ್ ವಾಲ್ಪೋಲನ ಮಗ. ಥೇಮ್ಸ್ ನದಿಯ ಹತ್ತಿರ ಟ್ವಿಕನ್‌ಹ್ಯಾಂ ಎಂಬಲ್ಲಿ ಒಂದು ಸಾಧಾರಣ ಮನೆ ಕೊಂಡು, ಅದನ್ನು ವರ್ಷಗಟ್ಟಲೆ ಹಳೆಯ ಕೋಟೆಯಂತೆ ಮಾರ್ಪಡಿಸುತ್ತ ಹೋದ. ಸ್ಟ್ರಾಬೆರಿ ಹಿಲ್ ಎಂದು ಅದರ ಹೆಸರು, ಇಂದಿಗೂ ಇದೆ. ಕಲ್ಲಿನಲ್ಲಿ ಕೊರೆದಂತೆ ಕಾಣುವ ಅಲ್ಲಿನ ಕೆಲವು ಚಾವಣಿಗಳು ನಿಜಕ್ಕೆ ಕಾಗದದ ರದ್ದಿಯಿಂದ ಮಾಡಿದವು. ಶಹಾಬಾದ್ ಕಲ್ಲಿನ ಮೇಲೆ ನಡೆದಾಡಿ ಬೆಳೆದ ನಮಗೆ ಕಾಗದದ ಕೋಟೆ ಎಂದರೆ ನಗು ಬರುವುದು ಸಹಜ. ಆದರೆ ಆ ಮನೆಯಲ್ಲಿಯೇ 1764ರ ಜೂನ್ ತಿಂಗಳ ಒಂದು ಬೆಳಗ್ಗೆ ವಾಲ್ಪೋಲ್ ಕನಸಿನಿಂದ ಎದ್ದ. ಒಂದು ಹಳೆಯ ಕೋಟೆ, ದೊಡ್ಡ ಮೆಟ್ಟಿಲಸಾಲು, ಅದರ ತುದಿಯ ಕಟಕಟೆಯ ಮೇಲೆ ಉಕ್ಕಿನ ಕವಚ ತೊಟ್ಟ ಒಂದು ದೈತ್ಯ ಕೈ. ಇಷ್ಟೇ ಅವನಿಗೆ ನೆನಪಿದ್ದದ್ದು. ಅಂದು ಸಂಜೆಯೇ, ಏನು ಬರೆಯುತ್ತೇನೆ ಎಂದು ತಿಳಿಯದೆ, ಬರೆಯಲು ಕುಳಿತೆ ಎಂದು ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಎರಡು ತಿಂಗಳೊಳಗೆ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಮುಗಿಯಿತು. ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಪ್ರಕಟವಾಯಿತು.

ಮೊದಲ ಮುದ್ರಣದಲ್ಲಿ ಅವನು ತನ್ನ ಹೆಸರು ಹಾಕಲಿಲ್ಲ. ಇದು 1529ರಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಇಟಾಲಿಯನ್ ಪುಸ್ತಕ, ಒಂದು ಹಳೆಯ ಮನೆತನದ ಗ್ರಂಥಭಂಡಾರದಲ್ಲಿ ಸಿಕ್ಕಿತು, ನಾನು ಬರಿಯ ಅನುವಾದಕ ಎಂದು ಸುಳ್ಳು ಹೇಳಿದ. ಜನ ಮೆಚ್ಚಿಕೊಂಡ ಮೇಲೆ 1765ರ ಎರಡನೆಯ ಮುದ್ರಣದಲ್ಲಿ ನಿಜ ಒಪ್ಪಿಕೊಂಡು, 'ಒಂದು ಗಾಥಿಕ್ ಕಥೆ' ಎಂಬ ಉಪಶೀರ್ಷಿಕೆ ಸೇರಿಸಿದ. ಹಳೆಯದೆಂದು ಹೊಗಳಿದ್ದ ಕೆಲವು ವಿಮರ್ಶಕರು ಹೊಸದೆಂದು ಗೊತ್ತಾದಾಗ ಸಿಟ್ಟಾದರು. ಸಿಕ್ಕಿದ ಹಸ್ತಪ್ರತಿ, ಹಳೆಯ ಕಾಗದ, ಅರ್ಧ ಅಳಿಸಿದ ಬರಹ ಎಂಬ ಉಪಾಯವನ್ನು ಅಂದಿನಿಂದ ಈ ಬಗೆಯ ಲೇಖಕರು ಬಿಟ್ಟೇ ಇಲ್ಲ.

ಕಥೆ ಹೀಗಿದೆ. ಒಟ್ರಾಂಟೊ ಕೋಟೆಯ ಒಡೆಯ ಮ್ಯಾನ್‌ಫ್ರೆಡ್. ಅವನ ಒಬ್ಬನೇ ಮಗನ ಮದುವೆಯ ದಿನ ಆಕಾಶದಿಂದ ಒಂದು ಭಾರೀ ಶಿರಸ್ತ್ರಾಣ ಬಿದ್ದು ಮಗ ಜಜ್ಜಿಹೋಗುತ್ತಾನೆ. ವಂಶ ನಿಲ್ಲಬೇಕಲ್ಲ, ಮ್ಯಾನ್‌ಫ್ರೆಡ್ ತನ್ನ ಹೆಂಡತಿಯನ್ನು ಬಿಟ್ಟು, ಸೊಸೆಯಾಗಬೇಕಾಗಿದ್ದ ಇಸಬೆಲ್ಲಾಳನ್ನು ತಾನೇ ಮದುವೆಯಾಗಲು ಹೊರಡುತ್ತಾನೆ. ಆಕೆ ಕೋಟೆಯ ಕೆಳಗಿನ ಸುರಂಗದಲ್ಲಿ ಓಡುತ್ತಾಳೆ. ಗಾಳಿಗೆ ದೀಪ ಆರುತ್ತದೆ. ಅಜ್ಜನ ಚಿತ್ರಪಟ ಚೌಕಟ್ಟಿನಿಂದ ಇಳಿದು ನಡೆಯುತ್ತದೆ. ಕೊನೆಗೆ ಗುಟ್ಟು ಹೊರಬೀಳುತ್ತದೆ: ಮ್ಯಾನ್‌ಫ್ರೆಡನ ಅಜ್ಜ ನಿಜವಾದ ಒಡೆಯನಿಗೆ ವಿಷ ಹಾಕಿ, ಸುಳ್ಳು ಮರಣಪತ್ರ ಮಾಡಿ ಕೋಟೆಯನ್ನು ನುಂಗಿದ್ದ. ಕತ್ತಲಲ್ಲಿ ಇಸಬೆಲ್ಲಾ ಎಂದು ತಿಳಿದು ಮ್ಯಾನ್‌ಫ್ರೆಡ್ ತನ್ನ ಸ್ವಂತ ಮಗಳು ಮಟಿಲ್ಡಾಳನ್ನೇ ಇರಿಯುತ್ತಾನೆ. ಕೋಟೆ ಕುಸಿಯುತ್ತದೆ.

ಇಲ್ಲಿ ದೆವ್ವವನ್ನು ತೆಗೆದುಹಾಕಿ ನೋಡಿ. ಉಳಿಯುವುದೇನು? ಅನ್ಯಾಯದಿಂದ ಬಂದ ಆಸ್ತಿ. ಅದನ್ನು ಉಳಿಸಿಕೊಳ್ಳಲು ಒದ್ದಾಡುವ ಮೊಮ್ಮಗ. ಆ ಒದ್ದಾಟದಲ್ಲಿ ಮನೆಯೊಳಗೆ ಸಿಕ್ಕಿಬಿದ್ದ ಹೆಣ್ಣು. ಹಿಂದಿನದು ನೆಲದಡಿಯಿಂದ ಮೇಲೆ ಬರುವ ಗಳಿಗೆ. ಗಾಥಿಕ್‌ನ ಲಕ್ಷಣ ಎಂದು ಯಾರಾದರೂ ಕೇಳಿದರೆ ನೀವು ಈ ನಾಲ್ಕನ್ನು ಹೇಳಿ. ಗುಡುಗು, ಮಿಂಚು, ಬಾವಲಿ ಎಲ್ಲ ಆಮೇಲಿನ ಅಲಂಕಾರ.

ನೆಲದಡಿಯಿಂದ ಹಿಂದಿನದು ಮೇಲೆ ಬರುವುದು ಬರೀ ಕವಿಕಲ್ಪನೆ ಎಂದುಕೊಳ್ಳಬೇಡಿ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಡು 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಕಲ್ಲನ್ನು ನೋಡಿದರೆ ಅದರಲ್ಲಿ ಅಶೋಕನ ಶಾಸನ! ಎರಡು ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ಅರಸನ ಮಾತು ಅಲ್ಲಿ ಅಷ್ಟು ಕಾಲ ಪೂಜೆಯ ಅಡಿಯಲ್ಲಿ ಮಲಗಿತ್ತು. ಅದರಲ್ಲಿ ಹೆದರಿಕೆಯೇನೂ ಇಲ್ಲ. ಆದರೆ ನಾವು ನಿಂತ ನೆಲ ನಮ್ಮೊಬ್ಬರದೇ ಅಲ್ಲ ಎಂದು ತಿಳಿದಾಗ ಮೈ ಜುಮ್ಮೆನ್ನುತ್ತದಲ್ಲ, ಗಾಥಿಕ್ ಲೇಖಕರು ದುಡಿಸಿಕೊಂಡದ್ದು ಆ ಜುಮ್ಮನ್ನೇ.

ವಾಲ್ಪೋಲ್ ನಂತರ ಈ ಕಥೆಗಳ ಮಳೆಯೇ ಸುರಿಯಿತು. ಎಲ್ಲವನ್ನೂ ಹೇಳುವುದಿಲ್ಲ. ಆನ್ ರ‍್ಯಾಡ್‌ಕ್ಲಿಫ್ ಎಂಬ ಲೇಖಕಿಯ ಒಂದು ಮಾತು ಮಾತ್ರ ತಿಳಿದಿರಬೇಕು. ಆಕೆಯ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' 1794ರಲ್ಲಿ ಬಂತು. ಆಕೆಯ ಕಾದಂಬರಿಯಲ್ಲಿ ಕಪ್ಪು ತೆರೆಯ ಹಿಂದೆ ಏನೋ ಇದೆ. ನಾಯಕಿ ನೋಡಿ ಮೂರ್ಛೆ ಹೋಗುತ್ತಾಳೆ. ಏನೆಂದು ನೂರಾರು ಪುಟ ಹೇಳುವುದಿಲ್ಲ. ಕೊನೆಗೆ ನೋಡಿದರೆ ಅದು ಮೇಣದ ಗೊಂಬೆ. ಆಕೆ ತೀರಿಕೊಂಡ ಮೇಲೆ, 1826ರಲ್ಲಿ, ಪ್ರಕಟವಾದ ಬರಹದಲ್ಲಿ ಎರಡು ಬಗೆಯ ಹೆದರಿಕೆಯನ್ನು ಬೇರೆ ಮಾಡಿದ್ದಾಳೆ: ಏನೋ ಬರಲಿದೆ ಎಂಬ ಭಯ ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುತ್ತದೆ; ಎದುರಿಗೇ ಬಂದು ನಿಂತ ಘೋರ ಮನಸ್ಸನ್ನು ಮರಗಟ್ಟಿಸುತ್ತದೆ. ನಮ್ಮ ಭರತನ ನಾಟ್ಯಶಾಸ್ತ್ರ ಬಹು ಹಿಂದೆಯೇ ಭಯಾನಕ ಮತ್ತು ಬೀಭತ್ಸ ಎಂಬ ಎರಡು ಬೇರೆ ರಸಗಳನ್ನು ಹೇಳಿದ್ದನ್ನು ನೀವು ಓದಿದ್ದರೆ ಇದು ಪೂರ್ತಿ ಹೊಸದೆನಿಸದು. ರ‍್ಯಾಡ್‌ಕ್ಲಿಫ್‌ಳದು ಹಗೇವಿಗೆ ಇಳಿಯುವವನ ವಿವೇಕ. ಬಹಳ ದಿನ ಮುಚ್ಚಿದ್ದ ಹಗೇವಿಗೆ ಹಿರಿಯರು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಒಳಗೆ ಪ್ರಾಣ ತೆಗೆಯುವುದೇನೋ ಇದೆ ಎಂಬುದು ನಿಜ. ಅದು ಪಿಶಾಚಿಯಲ್ಲ, ಕಾಳಿನಿಂದ ಹುಟ್ಟಿ ತುಂಬಿಕೊಂಡ ಇಂಗಾಲದ ಡೈಆಕ್ಸೈಡ್ ಎಂಬುದೂ ನಿಜ.

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818), ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897) ನಿಮಗೆ ಸಿನಿಮಾದಿಂದಲೇ ಗೊತ್ತು, ಅವನ್ನು ಬಿಡೋಣ.

ಈಗ ವಾಡಿ ಜಂಕ್ಷನ್‌ಗೆ ಬನ್ನಿ. ಸಿಕಂದರಾಬಾದಿನ ಕಡೆಗೆ ಹೋಗುವ ಗಾಡಿ ಹತ್ತಿದರೆ ಚಿತ್ತಾಪುರ ದಾಟಿದ ಮೇಲೆ, ಸೇಡಂ ಬರುವ ಮುಂಚೆ, ಮಳಖೇಡ ರೋಡ್ ಎಂಬ ನಿಲ್ದಾಣವಿದೆ. ಅಲ್ಲಿಂದ ಊರಿಗೆ ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಪಾಳುಬಿದ್ದ ಕೋಟೆ. ಸುತ್ತ ಸಿಮೆಂಟ್ ಕಾರ್ಖಾನೆಗಳ ಧೂಳು. ಇದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಅರಸುಮನೆಯ ನೆಲೆ. ಇಷ್ಟನ್ನು ಶಾಲೆಯಲ್ಲೇ ಓದಿದ್ದೀರಿ. ಭಾರತೀಯ ಸಾಹಿತ್ಯದ ಅತ್ಯಂತ ಭೀಕರ ಕಥೆಗಳಲ್ಲಿ ಒಂದು ಈ ಊರಿನಲ್ಲೂ ಬರೆಯಲ್ಪಟ್ಟಿತು ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ.

ಅದು ಯಶೋಧರನ ಕಥೆ. ಕ್ರಿ.ಶ. 959ರಲ್ಲಿ ಸೋಮದೇವಸೂರಿ ಇದನ್ನು ಸಂಸ್ಕೃತದಲ್ಲಿ 'ಯಶಸ್ತಿಲಕಚಂಪು' ಎಂದು ಬರೆದ. ಪಂಪನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯ ಮನೆತನವೇ ಅವನಿಗೂ ಆಶ್ರಯ. ಅದೇ ಕಾಲದ ಪುಷ್ಪದಂತ ಕವಿ ಮಾನ್ಯಖೇಟದಲ್ಲಿ ಮಂತ್ರಿ ಭರತ ಮತ್ತು ಅವನ ಮಗ ನನ್ನನ ಆಶ್ರಯದಲ್ಲಿದ್ದು ಅಪಭ್ರಂಶ ಭಾಷೆಯಲ್ಲಿ 'ಜಸಹರಚರಿಉ' ಬರೆದ. ಕನ್ನಡದಲ್ಲಿ ಜನ್ನನ 'ಯಶೋಧರ ಚರಿತೆ' 1209ರದು. ವಿವರಗಳು ಬೇರೆಯಾದರೂ ಕಥೆಯ ಎಲುಬುಗೂಡು ಒಂದೇ. ಜನ್ನನಲ್ಲಿ ಇರುವಂತೆ ಹೇಳುತ್ತೇನೆ.

ಮಾರಿದತ್ತನೆಂಬ ಅರಸ ಚಂಡಮಾರಿಯ ಗುಡಿಯಲ್ಲಿ ಕತ್ತಿ ಹಿಡಿದು ನಿಂತಿದ್ದಾನೆ. ಜೋಡಿ ಜೋಡಿ ಪ್ರಾಣಿಗಳು ಬಲಿಗೆ ಕಾಯುತ್ತಿವೆ. ಮನುಷ್ಯರ ಜೋಡಿಯಾಗಿ ಇಬ್ಬರು ಎಳೆಯ ಸನ್ಯಾಸಿಗಳನ್ನು, ಅಣ್ಣ ತಂಗಿಯರನ್ನು, ಹಿಡಿದು ತರುತ್ತಾರೆ. ಮಕ್ಕಳ ಮುಖದಲ್ಲಿ ಹೆದರಿಕೆಯಿಲ್ಲ. ಯಾರು ನೀವು ಎಂದು ಅರಸ ಕೇಳುತ್ತಾನೆ. ಹುಡುಗ ತನ್ನ ಹಿಂದಿನ ಜನ್ಮ ಹೇಳತೊಡಗುತ್ತಾನೆ. ಆಗ ತಾನು ಉಜ್ಜಯಿನಿಯ ಅರಸ ಯಶೋಧರ, ಈ ತಂಗಿ ತನ್ನ ತಾಯಿ ಚಂದ್ರಮತಿ. ರಾಣಿ ಅಮೃತಮತಿ ನಡುರಾತ್ರಿ ಮಾವಟಿಗನ ಹಾಡು ಕೇಳಿ, ಆ ಕುರೂಪಿಗೆ ಮರುಳಾಗುತ್ತಾಳೆ. ಒಂದು ರಾತ್ರಿ ಅರಸ ಕತ್ತಿ ಹಿಡಿದು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವಟಿಗ ಅವಳನ್ನು ಹೊಡೆಯುವುದನ್ನು ಕತ್ತಲಲ್ಲಿ ನಿಂತು ನೋಡುತ್ತಾನೆ. ಎತ್ತಿದ ಕತ್ತಿಯನ್ನು ತಾನೇ ತಡೆಯುತ್ತಾನೆ. ಮರುದಿನ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ಕನಸಿನ ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಕೊಲ್ಲಲಾರೆ ಎಂದಾಗ ಹಿಟ್ಟಿನಲ್ಲಿ ಒಂದು ಹುಂಜ ಮಾಡಿ ಕಡಿಯುವುದೆಂದು ಒಪ್ಪಂದವಾಗುತ್ತದೆ. ಕಡಿದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಅದರೊಳಗೆ ಬೆಂತರ ಹೊಕ್ಕಿತ್ತು.

ಆ ಕೂಗು ಕೇಳಿ ಬೆಚ್ಚದ ಓದುಗನನ್ನು ನಾನು ಕಂಡಿಲ್ಲ. ವಾಲ್ಪೋಲನ ಶಿರಸ್ತ್ರಾಣಕ್ಕಿಂತ ಈ ಹಿಟ್ಟಿನ ಹುಂಜ ಹೆಚ್ಚು ಹೆದರಿಸುತ್ತದೆ. ಏಕೆಂದರೆ ಅದನ್ನು ನಾದಿದ್ದು ಮನೆಯ ಕೈಗಳೇ. ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ತಾಯಿ ಮಗ ಇಬ್ಬರೂ ಪ್ರಾಣಿ ಪಕ್ಷಿಗಳಾಗಿ ಹುಟ್ಟಿ, ತಮ್ಮದೇ ಅರಮನೆಯ ಸುತ್ತ ಸಾಯುತ್ತ ಬರುತ್ತಾರೆ. ಕೊನೆಗೆ ಯಶೋಧರನ ಮಗನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಆ ಮಕ್ಕಳ ತಾಯಿ ಮಾರಿದತ್ತನ ಸೋದರಿ. ಅಂದರೆ ಮಾರಿದತ್ತ ಕತ್ತಿ ಎತ್ತಿರುವುದು ಸ್ವಂತ ಸೋದರಳಿಯ, ಸೋದರಸೊಸೆಯರ ಮೇಲೆ. ಮ್ಯಾನ್‌ಫ್ರೆಡ್ ಕತ್ತಲಲ್ಲಿ ಮಗಳನ್ನು ಇರಿದದ್ದು ಇಲ್ಲಿ ನೆನಪಾಗದೆ ಇರುವುದಿಲ್ಲ. ಎರಡಕ್ಕೂ ನಡುವೆ ಸುಮಾರು ಎಂಟು ನೂರು ವರ್ಷ, ಅರ್ಧ ಭೂಮಿಯ ದೂರ.

ಹಾಗೆಂದು ಪುಷ್ಪದಂತ, ಜನ್ನರನ್ನು ಗಾಥಿಕ್ ಲೇಖಕರು ಎನ್ನಬಾರದು. ಒಂದು ದೊಡ್ಡ ವ್ಯತ್ಯಾಸವಿದೆ. ಜೈನ ಕವಿಗೆ ಪುನರ್ಜನ್ಮ ನಿಯಮ, ಅನುಮಾನವಲ್ಲ. ಯಾವ ತಪ್ಪಿಗೆ ಯಾವ ಫಲ ಎಂದು ಅವನಿಗೆ ಗೊತ್ತು. ಗಾಥಿಕ್ ಕಥೆ ಬದುಕುವುದು ಗೊತ್ತಿಲ್ಲದ್ದರಲ್ಲಿ. ಇನ್ನೊಂದು ವ್ಯತ್ಯಾಸ ನನಗೆ ಇನ್ನೂ ಮುಖ್ಯ: ಒಟ್ರಾಂಟೊದಲ್ಲಿ ಮಗಳು ಸತ್ತು, ಕೋಟೆ ಬಿದ್ದ ಮೇಲೆ ಅಪರಾಧಿಗೆ ಬುದ್ಧಿ ಬರುತ್ತದೆ. ಇಲ್ಲಿ ಬೀಳುವುದು ಕತ್ತಿ ಮಾತ್ರ. ಮಾರಿದತ್ತ ಕಥೆಯನ್ನು ಪೂರ್ತಿ ಕೇಳಿದ, ಆದ್ದರಿಂದ ಕೊಲ್ಲಲಿಲ್ಲ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕದಲ್ಲಿ ಇದೇ ಕಥೆಯನ್ನು ಎತ್ತಿಕೊಂಡಾಗ ಅನುಮಾನವನ್ನು ಮತ್ತೆ ಒಳಗೆ ಬಿಟ್ಟರು. ಕಾಲೇಜಿನಲ್ಲಿ ಆಡಿ ನೋಡಿ.

ಮಾನ್ಯಖೇಟಕ್ಕೆ ಏನಾಯಿತು? 972ರ ಸುಮಾರಿಗೆ ಮಾಳವದ ಪರಮಾರ ದೊರೆ ಸೀಯಕ ದಾಳಿ ಮಾಡಿ ನಗರವನ್ನು ಸುಲಿದ. ಧಾರಾನಗರಿಯ ಧನಪಾಲನೆಂಬ ಕವಿ ತನ್ನ ತಂಗಿಗಾಗಿ ಒಂದು ಪ್ರಾಕೃತ ನಿಘಂಟು ಬರೆದು, ಅದು ಮುಗಿದ ಕಾಲವನ್ನು 'ಮಾನ್ಯಖೇಟ ಲೂಟಿಯಾದ ವರ್ಷ' ಎಂದೇ ಗುರುತಿಸಿದ್ದಾನೆ. ಗೆದ್ದವರಿಗೆ ಅದು ತಾರೀಖು. ಸೋತ ಊರಿನಲ್ಲಿದ್ದ ಪುಷ್ಪದಂತನ ಹೆಸರಿನಲ್ಲಿ ಉಳಿದಿರುವ ಒಂದು ಶ್ಲೋಕ, ಧಾರೆಯ ಅರಸನ ಕೋಪದ ಬೆಂಕಿಯಲ್ಲಿ ಊರು ಸುಟ್ಟಿತು, ಇನ್ನು ಈ ಕವಿ ಎಲ್ಲಿ ವಾಸ ಮಾಡಬೇಕು ಎಂದು ಕೇಳುತ್ತದೆ. ರೋಮ್ ಸುಲಿದವರ ಹೆಸರು ಒಂದು ಸಾಹಿತ್ಯಪ್ರಕಾರಕ್ಕೆ ಬಂತು ಎಂದೆನಲ್ಲ. ಮಾನ್ಯಖೇಟದ ಬೂದಿ ನಮ್ಮಲ್ಲಿ ಒಂದು ಶ್ಲೋಕವಾಗಿ ಉಳಿಯಿತು.

ಇಂಗ್ಲಿಷಿನ ಗಾಥಿಕ್ ಗಾಳಿ ನೇರವಾಗಿ ನಮ್ಮ ಸೀಮೆಗೂ ಒಮ್ಮೆ ಬೀಸಿದೆ. 'ಕನ್‌ಫೆಷನ್ಸ್ ಆಫ್ ಎ ಥಗ್' (1839) ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರಾದ ಫಿಲಿಪ್ ಮೆಡೋಸ್ ಟೇಲರ್, ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಬಾಲ ಅರಸ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡುತ್ತಿದ್ದ. ಅವನ ಆತ್ಮಕಥೆ, 1877ರ 'ದಿ ಸ್ಟೋರಿ ಆಫ್ ಮೈ ಲೈಫ್', ಈ ಹುಡುಗನ ಜಾತಕದ ಮಾತು ಹೇಳುತ್ತದೆ: ಇಪ್ಪತ್ತನಾಲ್ಕನೆಯ ವಯಸ್ಸು ದಾಟುವುದಿಲ್ಲ ಎಂದು ಜೋಯಿಸರು ಹೇಳಿದ್ದರಂತೆ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಸತ್ತ. ಆತ್ಮಹತ್ಯೆಯೋ, ಆಕಸ್ಮಿಕವೋ, ಕೊಲೆಯೋ ಎಂಬ ಚರ್ಚೆ ಮುಗಿದಿಲ್ಲ. ಟೇಲರ್ ಹುಡುಗನನ್ನು ಪ್ರೀತಿಸಿದ್ದು ನಿಜವಿರಬಹುದು. ಆದರೂ ಗಮನಿಸಿ: ಜಾತಕ ಮುಂದೆ ಬಂದರೆ ಸಾಮ್ರಾಜ್ಯ ಹಿಂದೆ ಸರಿಯುತ್ತದೆ. ಸಾವಿಗೆ ವಿಧಿ ಕಾರಣವೆಂದಾದರೆ ಕಾವಲುಗಾರನನ್ನು ಯಾರು ಕೇಳುತ್ತಾರೆ?

ಹೆದರಿಕೆಯ ಕಥೆಯನ್ನು ಹೀಗೆ ದುರುಪಯೋಗ ಮಾಡುವುದನ್ನು ನಮ್ಮ ಜಿಲ್ಲೆಯವರು ಚೆನ್ನಾಗಿ ಬಲ್ಲರು. ಕಲಬುರಗಿ, ಬೀದರ ಕಡೆ ಭಾನಾಮತಿ ಎಂಬ ಮಾತು ಕೇಳದವರಿಲ್ಲ. ಮನೆಯ ಮೇಲೆ ಕಲ್ಲು ಬಿತ್ತು, ಬಟ್ಟೆಗೆ ಬೆಂಕಿ ಹತ್ತಿತು, ಹುಡುಗಿ ನಾಯಿಯಂತೆ ಬೊಗಳಿದಳು ಎಂದು ಸುದ್ದಿ ಹುಟ್ಟುತ್ತದೆ. ಆಮೇಲೆ ಊರು ಹುಡುಕುವುದು ಮಾಡಿದವರನ್ನು. ಸಿಗುವವರು ಬಹುಮಟ್ಟಿಗೆ ಬಡವರು, ಒಂಟಿ ಹೆಂಗಸರು. ಕರ್ನಾಟಕ ಸರ್ಕಾರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಕಾನೂನು ಮಾಡಿತು. ಅದು 2020ರಲ್ಲಿ ಜಾರಿಗೆ ಬಂತು. ಭಾನಾಮತಿಯ ಸುದ್ದಿಗೂ ಗಾಥಿಕ್ ಕಾದಂಬರಿಗೂ ಸಾಮಗ್ರಿ ಒಂದೇ, ಕೇಳುವ ಪ್ರಶ್ನೆ ತಿರುವುಮುರುವು. ಸುದ್ದಿ ಕೇಳುವುದು, ಯಾವ ಹೆಣ್ಣು ಮಾಡಿಸಿದಳು ಎಂದು. ಒಳ್ಳೆಯ ಗಾಥಿಕ್ ಕಾದಂಬರಿ ಕೇಳುವುದು, ಈ ಮನೆ ಇವರಿಗೆ ಹೇಗೆ ಬಂತು ಎಂದು.

ಇನ್ನು ನಮ್ಮ ವಾಡೆಗೆ ಮರಳೋಣ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1949ರಲ್ಲಿ ಜಹಗೀರುಗಳು ರದ್ದಾದವು, 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಹಲವು ಗೇಣಿದಾರರಿಗೆ ಹೊಲ ಬಂತು. ಅಧಿಕಾರ ಹೋಯಿತು, ಗೋಡೆ ಉಳಿಯಿತು. ಇಂಗ್ಲೆಂಡಿನಲ್ಲಿ ಮಠಗಳಿಗೆ ಆದದ್ದೇ. ಇಂಥ ಹೊತ್ತಿನಲ್ಲಿ ಕನ್ನಡದಲ್ಲಿಯೂ ಅಂಥ ಕಾದಂಬರಿ ಬರಬೇಕಾಗಿತ್ತು, ಬಂತು. ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ' 1982ರದು. ಬೆಳಗಾವಿ ಸೀಮೆಯ ಕನ್ನಡದಲ್ಲಿ ಬರೆದದ್ದು. ನಿಮ್ಮ ಕಿವಿಗೆ ದೂರವಾಗದು. ಕುಸಿಯುತ್ತಿರುವ ದೇಸಾಯಿಯ ಅರಮನೆ, ಆಸ್ತಿಯ ಮೇಲೆ ಕಣ್ಣಿಟ್ಟ ತಂದೆ, ಒಳಗೆ ಸಿಕ್ಕಿಬಿದ್ದ ಮಗಳು. ಆಗಲೇ ಹೇಳಿದ ನಾಲ್ಕು ಲಕ್ಷಣಗಳನ್ನು ಕೈಯಲ್ಲಿಟ್ಟುಕೊಂಡು ಓದಿ. 2003ರಲ್ಲಿ ಟಿ.ಎಸ್. ನಾಗಾಭರಣ ಇದನ್ನು 'ಸಿಂಗಾರೆವ್ವ' ಎಂದು ಸಿನಿಮಾ ಮಾಡಿದರು. ಸಿನಿಮಾ ನೋಡಿದವರೂ ಪುಸ್ತಕ ಓದಬೇಕು.

ಅದರಲ್ಲಿ ಒಂದು ಸಂಗತಿ ಒಟ್ರಾಂಟೊದಲ್ಲಿ ಇಲ್ಲದ್ದು. ವಾಲ್ಪೋಲನಲ್ಲಿ ಆಳುಗಳು ಹೆದರಿ ಕೂಗುತ್ತಾರೆ, ನಗಿಸುತ್ತಾರೆ, ಹೇಳಬೇಕಾದ್ದನ್ನು ಅರ್ಧಕ್ಕೆ ಬಿಡುತ್ತಾರೆ. ಕಂಬಾರರ ಕಾದಂಬರಿಯಲ್ಲಿ ಕಥೆ ಹೇಳುವವಳೇ ಆಳುಮಗಳು. ಅರಮನೆಯ ಕಸ ಗುಡಿಸಿದವಳು, ಯಾವ ಕೋಣೆಯ ಚಿಲಕ ಯಾವಾಗ ಬಿತ್ತೆಂದು ಬಲ್ಲವಳು. ನಿಮ್ಮ ಊರಿನ ವಾಡೆಯಲ್ಲಿ ರೊಟ್ಟಿ ಬಡಿದ, ನೀರು ಹೊತ್ತ ಒಬ್ಬ ಅಜ್ಜಿ ಇನ್ನೂ ಇದ್ದರೆ ಈ ರಜೆಯಲ್ಲಿ ಹೋಗಿ ಅವರ ಹತ್ತಿರ ಕುಳಿತುಕೊಳ್ಳಿ. ಹಗಲು ಹೊತ್ತಿನಲ್ಲೇ ಹೋಗಿ, ಒಂದು ನೋಟುಬುಕ್ಕು ಜೊತೆಗಿರಲಿ. ಮೊದಲ ದಿನ ದೆವ್ವದ ಕಥೆ ಹೇಳುತ್ತಾರೆ. ಮರುದಿನ ಮತ್ತೆ ಹೋಗಿ.